ಸಿದ್ಧಾಂತಕ್ಕೆ ಯಾರು ಬದ್ಧರು? ಹೈದರಾಬಾದಿನಿಂದ ಎಡನೀರಿನವರೆಗೆ



ಧರ್ಮದಲ್ಲಿ, ರಾಜಕಾರಣದಲ್ಲಿ, ಕಾನೂನಿನಲ್ಲಿ ಸಿದ್ಧಾಂತ ಎಂದರೆ ಏನು ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳಲು ಹೈದರಾಬಾದ್ ನಗರಕ್ಕಿಂತ ಒಳ್ಳೆಯ ಜಾಗ ನನಗೆ ತೋರುವುದಿಲ್ಲ. ನೂರು ವರ್ಷಗಳೊಳಗೆ ಇಲ್ಲಿ ದೊಡ್ಡ ದೊಡ್ಡ ಸಿದ್ಧಾಂತಗಳು ಬಂದು ಹೋಗಿವೆ. ಕೆಲವು ವೈಸರಾಯರ ಪತ್ರದಲ್ಲಿ ಬಂದವು, ಕೆಲವು ಮೈದಾನದ ಭಾಷಣದಲ್ಲಿ, ಕೆಲವು ನ್ಯಾಯಾಲಯದ ತೀರ್ಪಿನಲ್ಲಿ. ಒಂದೊಂದಕ್ಕೂ ಜನ ಬೆಲೆ ತೆತ್ತಿದ್ದಾರೆ. ಬೀದರ್, ಕಲಬುರಗಿ, ರಾಯಚೂರಿನ ನಮ್ಮ ಹಿರಿಯರೂ ತೆತ್ತಿದ್ದಾರೆ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಸಿದ್ಧಾಂತದ ಅರ್ಥ ಅದರ ಪದಗಳಲ್ಲಿ ಸಿಕ್ಕುವುದಿಲ್ಲ. ಅದನ್ನು ಸಾರಿದವರಿಗೇ ಅದರಿಂದ ನಷ್ಟವಾಗುವ ದಿನವೊಂದು ಬರುತ್ತದೆ. ಆ ದಿನ ಅವರು ಅದಕ್ಕೆ ತಲೆಬಾಗಿದರೇ, ಇಲ್ಲವೇ ಎಂಬುದರಲ್ಲಿ ಅದರ ಅರ್ಥ ಇದೆ. ಎದುರಿನವನನ್ನು ಮಾತ್ರ ಕಟ್ಟುವ ಸಿದ್ಧಾಂತಕ್ಕೆ ನಾನು ಆ ಹೆಸರು ಕೊಡಲಾರೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಮ್ಮ ಹಳ್ಳಿಯ ಜನ ಇದನ್ನು ಎಂದೋ ಗುರುತಿಸಿಟ್ಟಿದ್ದಾರೆ. ಆ ಗಾದೆಯನ್ನು ಸಾಮಾನ್ಯವಾಗಿ ಬಡ ಪುರೋಹಿತನ ಮೇಲೆ ಪ್ರಯೋಗಿಸುತ್ತೇವೆ. ಸಾಮ್ರಾಜ್ಯಗಳ ಮೇಲೂ ನ್ಯಾಯಪೀಠಗಳ ಮೇಲೂ ಪ್ರಯೋಗಿಸಿ ನೋಡಬೇಕು.

ಮೊದಲು ಬ್ರಿಟಿಷರ ಪರಮಾಧಿಕಾರದ ಸಿದ್ಧಾಂತ. ಇಂಗ್ಲಿಷಿನಲ್ಲಿ ಪ್ಯಾರಮೌಂಟ್ಸಿ ಎನ್ನುತ್ತಿದ್ದದ್ದು ಇದನ್ನೇ. ಹೈದರಾಬಾದಿಗೂ ಈಸ್ಟ್ ಇಂಡಿಯಾ ಕಂಪನಿಗೂ ಇದ್ದ ಸಂಬಂಧ ಕಾಗದದ ಮೇಲೆ ಮಿತ್ರರ ಸಂಬಂಧ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಯನ್ನು 1798ರಲ್ಲಿ ಎಲ್ಲರಿಗಿಂತ ಮೊದಲು ಒಪ್ಪಿದವರು ನಿಜಾಮ್ ಅಲಿ ಖಾನ್. ಆ ಸೈನ್ಯದ ಖರ್ಚಿಗೆಂದು 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು ಕಂಪನಿಯ ಕೈಸೇರಿದವು. ಬಳ್ಳಾರಿಯ ಕನ್ನಡಿಗರು 1953ರವರೆಗೆ ಮದ್ರಾಸಿನ ಆಡಳಿತದಲ್ಲಿ ಇರಬೇಕಾದದ್ದು ಆ ಒಂದು ಸಹಿಯಿಂದ. 1853ರಲ್ಲಿ ಇನ್ನೊಂದು ಸೈನ್ಯದ ಬಾಕಿಗಾಗಿ ಬೇರಾರ್ ಹೋಯಿತು, ಜೊತೆಗೆ ರಾಯಚೂರು ದೋಆಬ್ ಕೂಡ. 1860ರಲ್ಲಿ ರಾಯಚೂರು ಮರಳಿತು. 1857ರ ಬಂಡಾಯದ ಕಾಲದಲ್ಲಿ ಬ್ರಿಟಿಷರ ಪರ ನಿಂತದ್ದಕ್ಕೆ ಬಹುಮಾನವಾಗಿ, ರಾಜಾ ವೆಂಕಟಪ್ಪ ನಾಯಕ ಹೋರಾಡಿ ಕಳೆದುಕೊಂಡ ಸುರಪುರವೂ ನಿಜಾಮರ ಪಾಲಾಯಿತು. ನಾವು ಇಂದು ಕಲ್ಯಾಣ ಕರ್ನಾಟಕ ಎನ್ನುವ ನೆಲದ ಗಡಿಗಳು ಹೀಗೆ ಒಪ್ಪಂದದಿಂದ ಒಪ್ಪಂದಕ್ಕೆ ಜರುಗುತ್ತಿದ್ದವು. ಅಲ್ಲಿನ ರೈತನನ್ನು ಯಾರೂ ಕೇಳಲಿಲ್ಲ.

1902ರಲ್ಲಿ ವೈಸರಾಯ್ ಕರ್ಜನ್ ಬೇರಾರನ್ನು ವರ್ಷಕ್ಕೆ 25 ಲಕ್ಷ ರೂಪಾಯಿಗೆ ಶಾಶ್ವತ ಗುತ್ತಿಗೆಗೆ ತೆಗೆದುಕೊಂಡರು. ಮುಂದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅದನ್ನು ಮರಳಿ ಕೇಳಿದರು. ಅವರ ವಾದ ಸರಳವಾಗಿತ್ತು. ವಿದೇಶ ವ್ಯವಹಾರ ನಿಮ್ಮದು ಎಂದು ನಾವು ಒಪ್ಪಿದ್ದೇವೆ. ಉಳಿದ ವಿಷಯಗಳಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ನೀವು ಹೇಗೋ ನನ್ನ ರಾಜ್ಯಕ್ಕೆ ನಾನು ಹಾಗೆ. ಇದಕ್ಕೆ ವೈಸರಾಯ್ ಲಾರ್ಡ್ ರೀಡಿಂಗ್ 1926ರ ಮಾರ್ಚ್ 27ರಂದು ಕೊಟ್ಟ ಉತ್ತರ ಭಾರತದ ಸಂಸ್ಥಾನಗಳ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಬ್ರಿಟಿಷ್ ಸಿಂಹಾಸನದ ಮೇಲ್ಮೆ ಒಪ್ಪಂದಗಳಿಂದ ಬಂದದ್ದಲ್ಲ, ಒಪ್ಪಂದಗಳಾಚೆಗೆ ತಾನೇ ತಾನಾಗಿ ಇರುವಂಥದ್ದು, ಯಾವ ರಾಜನೂ ಸಮಾನನಾಗಿ ಚೌಕಾಶಿ ಮಾಡುವಂತಿಲ್ಲ ಎಂಬುದು ಅದರ ಸಾರ. ಸಂಸ್ಥಾನಿಕರು ಗಾಬರಿಯಾದರು. ಆ ಅಧಿಕಾರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹೇಳಿ ಎಂದು ಕೇಳಿದರು. ಸರ್ ಹಾರ್ಕೋರ್ಟ್ ಬಟ್ಲರ್ ನೇತೃತ್ವದಲ್ಲಿ ಸಮಿತಿ ಕೂತಿತು, 1929ರಲ್ಲಿ ವರದಿ ಬಂತು. ಪರಮಾಧಿಕಾರ ಪರಮವಾಗಿಯೇ ಇರಬೇಕು, ಕಾಲಕ್ಕೆ ತಕ್ಕಂತೆ ಹೊಂದಿಕೊಳ್ಳಬೇಕು ಎಂದ ಸಮಿತಿ ವ್ಯಾಖ್ಯೆ ಕೊಡಲು ಒಪ್ಪಲಿಲ್ಲ.

ಈ ನಿರಾಕರಣೆಯ ಹತ್ತಿರ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ವ್ಯಾಖ್ಯೆ ಕೊಟ್ಟರೆ ಗೆರೆ ಬೀಳುತ್ತದೆ. ಗೆರೆ ಬಿದ್ದರೆ ಅದನ್ನು ದಾಟಿದ ದಿನ ಕೊಟ್ಟವನೂ ತಪ್ಪಿತಸ್ಥನಾಗುತ್ತಾನೆ. ಬ್ರಿಟಿಷರಿಗೆ ಅದು ಬೇಡವಾಗಿತ್ತು. ಸಂಸ್ಥಾನಿಕರನ್ನು ಕಟ್ಟುವ, ತಮ್ಮನ್ನು ಮಾತ್ರ ಕಟ್ಟದ ಮಾತೊಂದು ಬೇಕಾಗಿತ್ತು. 1947ರಲ್ಲಿ ಹೊರಡುವ ಹೊತ್ತು ಬಂದಾಗ ಇದು ನಿಚ್ಚಳವಾಯಿತು. ಒಪ್ಪಂದಗಳನ್ನೂ ಮೀರಿ ತಾನಾಗಿಯೇ ಇದೆ ಎಂದ ಆ ಅಧಿಕಾರ, ಸಂಪುಟ ನಿಯೋಗದ 1946ರ ಟಿಪ್ಪಣಿಯಲ್ಲೂ ಭಾರತ ಸ್ವಾತಂತ್ರ್ಯ ಕಾಯ್ದೆಯ 7ನೇ ಸೆಕ್ಷನ್ನಿನಲ್ಲೂ ಒಂದೇ ಗೀಟಿಗೆ ಇಲ್ಲವಾಯಿತು. ಯಾರಿಗೂ ವರ್ಗಾವಣೆಯಾಗಲಿಲ್ಲ, ಸುಮ್ಮನೆ ಮುಗಿಯಿತು. ಒಂದೂವರೆ ಶತಮಾನ ಸಂಸ್ಥಾನಗಳನ್ನು ಆಳಿದ ಸಿದ್ಧಾಂತ, ಅದರ ಒಡೆಯರಿಗೆ ಹೊರೆಯಾದ ಕೂಡಲೇ ಬಿದ್ದುಹೋಯಿತು. ಅದರ ಅರ್ಥ ಏನಿತ್ತು ಎಂದು ಅಂದು ಗೊತ್ತಾಯಿತು.

ಹಾಗಾದರೆ ನಿಜಾಮರ ಪಕ್ಷ ನ್ಯಾಯವಾದದ್ದೇ? ರೀಡಿಂಗ್ ಅವರ ಮುಂದೆ ಅವರು ಹೂಡಿದ ವಾದದ ಅರ್ಧ ನ್ಯಾಯವಾಗಿತ್ತು ಎಂದೇ ನನ್ನ ಎಣಿಕೆ. ಆದರೆ ಮೇಲಿನವರ ಎದುರು ಎತ್ತಿದ ತತ್ವವನ್ನು ಕೆಳಗಿನವರಿಗೆ ಅವರು ಕೊಡಲಿಲ್ಲ. ಸಾರ್ವಜನಿಕ ಸಭೆ ನಡೆಸಬೇಕಾದರೆ ಮುಂಚೆಯೇ ಅನುಮತಿ ಪಡೆಯಬೇಕು ಎಂಬ ಸುತ್ತೋಲೆ, ಜನ ಅದನ್ನು ಗಶ್ತಿ 53 ಎನ್ನುತ್ತಿದ್ದರು, ಊರೂರಲ್ಲಿ ಜಾರಿಯಲ್ಲಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತೀಯ ಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟ ಮಹತ್ವದ ಪ್ರಯೋಗ, ಅದನ್ನು ನಾನು ಗೌರವದಿಂದ ನೆನೆಯುತ್ತೇನೆ. ಆದರೆ ಆ ಭಾಷೆ ಉರ್ದು. ತೆಲುಗು, ಮರಾಠಿ, ಕನ್ನಡ ಆಡುವ ಬಹುಪಾಲು ಪ್ರಜೆಗಳ ಮಕ್ಕಳಿಗೆ ತಾಯ್ನುಡಿಯ ತತ್ವ ಅನ್ವಯಿಸಲಿಲ್ಲ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಕೆಲಸ ಶುರುಮಾಡುವ ಮುನ್ನವೇ ನಿಷೇಧಕ್ಕೊಳಗಾಯಿತು. ಅದರ ನಾಯಕರಾದ ಸ್ವಾಮಿ ರಮಾನಂದ ತೀರ್ಥರು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದವರು ಎಂಬುದನ್ನು ಇಲ್ಲಿ ನೆನೆಯಬೇಕು.

ಅದೇ ಕಾಲದಲ್ಲಿ ಮತ್ತೊಂದು ಸಿದ್ಧಾಂತ ಈ ನಗರದಲ್ಲಿ ಬೆಳೆಯಿತು. 1927ರಲ್ಲಿ ಹುಟ್ಟಿದ ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್, 1938ರಲ್ಲಿ ಬಹಾದೂರ್ ಯಾರ್ ಜಂಗ್ ಅಧ್ಯಕ್ಷರಾದ ಮೇಲೆ ‘ಅನಲ್ ಮಲಿಕ್’ ಎಂಬ ಘೋಷಣೆಯನ್ನು ಜನರ ಬಾಯಿಗೆ ತಂದಿತು. ನಾನೇ ದೊರೆ ಎಂಬುದು ಅದರ ಭಾವ. ಬಹಾದೂರ್ ಯಾರ್ ಜಂಗ್ ದೊಡ್ಡ ವಾಗ್ಮಿ, ಸಾಮಾನ್ಯ ಮುಸಲ್ಮಾನನಿಗೆ ತಲೆ ಎತ್ತಿ ನಡೆಯುವ ಹುರುಪು ತುಂಬಿದವರು. ಅಲ್ಲಿಯವರೆಗೆ ಸಾರ್ವಭೌಮತ್ವ ನಿಜಾಮರ ವ್ಯಕ್ತಿಯಲ್ಲಿತ್ತು. ಇವರು ಅದನ್ನು ಸಮುದಾಯಕ್ಕೆ ತಂದರು. ರಾಜ್ಯದ ಮುಸಲ್ಮಾನರೆಲ್ಲ ಸೇರಿ ಸಾರ್ವಭೌಮರು, ನಿಜಾಮರು ಅದರ ಕುರುಹು ಮಾತ್ರ ಎಂದರು. ದೊರೆಯಿಂದ ಜನಕ್ಕೆ ಅಧಿಕಾರ ಇಳಿಯಿತಲ್ಲ, ಇದರಲ್ಲಿ ಪ್ರಜಾಪ್ರಭುತ್ವದ ಒಂದು ಹೆಜ್ಜೆ ಇದೆಯಲ್ಲ ಎಂದು ಮೊದಲು ಓದಿದಾಗ ಅನ್ನಿಸಬಹುದು.

ಆದರೆ ಅದೇ ವಾಕ್ಯವನ್ನು ಪಕ್ಕದ ಮನೆಯವನು ಹೇಳಿದರೆ ಏನಾಗುತ್ತಿತ್ತು? 1941ರ ಗಣತಿಯಂತೆ ಒಂದು ಕೋಟಿ ಅರವತ್ತು ಲಕ್ಷ ದಾಟಿದ್ದ ರಾಜ್ಯದಲ್ಲಿ ಮುಸಲ್ಮಾನರು ಎಂಟರಲ್ಲಿ ಒಬ್ಬರಷ್ಟಿದ್ದರು. ಆಳಂದದ ಲಿಂಗಾಯತ ಒಕ್ಕಲಿಗ, ಲಿಂಗಸೂಗೂರಿನ ಬೇಡ, ನಲ್ಗೊಂಡದ ರೆಡ್ಡಿ, ಬೀದರಿನ ದಲಿತ ಇವರೆಲ್ಲ ಒಟ್ಟಾಗಿ ‘ನಾವೂ ದೊರೆಗಳೇ’ ಎಂದಿದ್ದರೆ ಆ ಮಾತು ರಾಜದ್ರೋಹ. ಇನ್ನೂ ಒಂದು ಹೇಳಬೇಕು. ಘೋಷಣೆ ಕೂಗಿದ ಬಡ ಮುಸಲ್ಮಾನ ಕೂಲಿಗೆ, ಜಟಕಾ ಹೊಡೆಯುವವನಿಗೆ ಆ ಸಾರ್ವಭೌಮತ್ವದಿಂದ ಒಂದು ಗುಂಟೆ ಜಮೀನೂ ಸಿಗಲಿಲ್ಲ. ಜಾಗೀರುಗಳು ಜಾಗೀರುದಾರರ ಬಳಿಯೇ ಇದ್ದವು.

ಬಹಾದೂರ್ ಯಾರ್ ಜಂಗ್ 1944ರಲ್ಲಿ ತೀರಿಕೊಂಡರು. ಲಾತೂರಿನ ವಕೀಲ ಕಾಸಿಂ ರಜ್ವಿಯ ಕೈಗೆ ಸಂಘಟನೆ ಬಂದಾಗ ಘೋಷಣೆಯ ಜೊತೆ ಬಂದೂಕೂ ಬಂತು. ಆಗ ಆದದ್ದನ್ನು ಗಮನಿಸಿ. 1947ರ ಅಕ್ಟೋಬರ್ 27ರ ಬೆಳಗಿನ ಜಾವ, ಭಾರತದ ಜೊತೆ ಯಥಾಸ್ಥಿತಿ ಒಪ್ಪಂದದ ಕರಡು ಹಿಡಿದು ದೆಹಲಿಗೆ ಹೊರಡಬೇಕಿದ್ದ ನಿಜಾಮರ ನಿಯೋಗದ ಮನೆಗಳನ್ನೇ ಜನ ಮುತ್ತಿದರು. ಪ್ರಧಾನಿ ಛತ್ತಾರಿಯ ನವಾಬರು, ಸಲಹೆಗಾರ ವಾಲ್ಟರ್ ಮಾಂಕ್‌ಟನ್ ಹೊರಡಲಾಗಲಿಲ್ಲ. ಛತ್ತಾರಿ ರಾಜೀನಾಮೆ ಕೊಟ್ಟು ಹೋದರು. ನಿಜಾಮರ ಹೆಸರಿನಲ್ಲಿ ಬೆಳೆದ ಸಿದ್ಧಾಂತ ನಿಜಾಮರನ್ನೇ ತಮ್ಮ ಅರಮನೆಯಲ್ಲಿ ಸೆರೆಯಾಗಿಸಿತ್ತು. ನವೆಂಬರ್ 29ಕ್ಕೆ ಅದೇ ಒಪ್ಪಂದಕ್ಕೆ ಸಹಿ ಬಿತ್ತು. ಆದರೆ ಅಷ್ಟರಲ್ಲಿ ರಾಜ್ಯ ಆಳುವವರು ಬೇರೆಯಾಗಿದ್ದರು.

ಮುಂದಿನ ವರ್ಷದ ಆಗಸ್ಟ್‌ನಲ್ಲಿ ಇದೇ ನಗರದ ರಸ್ತೆಯಲ್ಲಿ ಶೋಯಬುಲ್ಲಾ ಖಾನ್ ಎಂಬ ತರುಣ ಸಂಪಾದಕರನ್ನು ಕೊಂದರು. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆ ಅವರದು. ಹೈದರಾಬಾದ್ ಭಾರತದೊಡನೆ ಸೇರಬೇಕು, ರಜ್ವಿಯ ಸಶಸ್ತ್ರ ಪಡೆಯಾದ ರಜಾಕಾರರ ಹಿಂಸೆ ನಿಲ್ಲಬೇಕು ಎಂದು ಬರೆದಿದ್ದರು. ಬರೆಯುವ ಕೈಯನ್ನೇ ಕಡಿದರು. ಅನಲ್ ಮಲಿಕ್ ಸಿದ್ಧಾಂತದ ಲೆಕ್ಕದಲ್ಲಿ ಅವರೂ ಸಾರ್ವಭೌಮರಲ್ಲೊಬ್ಬರು. ತನ್ನ ಸಾರ್ವಭೌಮತ್ವವನ್ನು ಭಿನ್ನಮತಕ್ಕೆ ಬಳಸಿದ ಸಾರ್ವಭೌಮನಿಗೆ ಆ ಸಿದ್ಧಾಂತದಲ್ಲಿ ಜಾಗವಿರಲಿಲ್ಲ. ಈ ನಗರದ ಕನ್ನಡ ಪತ್ರಕರ್ತರೆಲ್ಲ ಶೋಯಬುಲ್ಲಾ ಅವರ ಹೆಸರನ್ನು ತಿಳಿದಿರಬೇಕೆಂದು ನನ್ನ ಆಸೆ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಗಡಿ ದಾಟಿತು. 17ಕ್ಕೆ ನಿಜಾಮರು ಸೋಲೊಪ್ಪಿದರು, 18ಕ್ಕೆ ನಿಜಾಮರ ಸೇನೆಯ ಜನರಲ್ ಎಲ್ ಎದ್ರೂಸ್ ಭಾರತದ ಜನರಲ್ ಚೌಧುರಿಯವರಿಗೆ ಶರಣಾದರು. ಇದಾಗಿ ಎರಡೇ ದಿನಕ್ಕೆ ಲಂಡನ್ನಿನಲ್ಲಿ ಮತ್ತೊಂದು ಕತೆ ಶುರುವಾಯಿತು. ಕಾನೂನಿನ ಸಿದ್ಧಾಂತ ಹೇಗೆ ನಡೆಯುತ್ತದೆ ಎಂದು ತಿಳಿಯಲು ಅದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ. ನಿಜಾಮರ ವಿದೇಶಾಂಗ ಸಚಿವ ಮೊಯಿನ್ ನವಾಜ್ ಜಂಗ್, ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿದ್ದ 10,07,940 ಪೌಂಡ್ 9 ಶಿಲಿಂಗನ್ನು ಪಾಕಿಸ್ತಾನದ ಹೈಕಮಿಷನರ್ ಹಬೀಬ್ ಇಬ್ರಾಹಿಂ ರಹಿಮ್‌ತೂಲಾ ಅವರ ಖಾತೆಗೆ ಸೆಪ್ಟೆಂಬರ್ 20ರಂದು ವರ್ಗಾಯಿಸಿದರು. ಒಂದು ವಾರದಲ್ಲಿ ನಿಜಾಮರು ಇದು ನನ್ನ ಅನುಮತಿಯಿಂದ ಆದದ್ದಲ್ಲ, ಹಣ ಮರಳಿಸಿ ಎಂದರು. ಬ್ಯಾಂಕು ಇಬ್ಬರಿಗೂ ಕೊಡಲಿಲ್ಲ. ನಿಜಾಮರು 1954ರಲ್ಲಿ ದಾವೆ ಹೂಡಿದರು. 1957ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು ಇಷ್ಟು: ಒಂದು ಸಾರ್ವಭೌಮ ರಾಷ್ಟ್ರವನ್ನು ಅದರ ಒಪ್ಪಿಗೆಯಿಲ್ಲದೆ ಮತ್ತೊಂದು ದೇಶದ ಕೋರ್ಟಿಗೆ ಎಳೆಯಲಾಗದು, ಹಣ ಪಾಕಿಸ್ತಾನದ ಪ್ರತಿನಿಧಿಯ ಹೆಸರಿನಲ್ಲಿದೆ, ಆದ್ದರಿಂದ ದಾವೆ ನಡೆಯದು.

ಯಾರ ಹಣ ಎಂಬ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ಸಾರ್ವಭೌಮ ವಿನಾಯಿತಿಯ ಆ ಸಿದ್ಧಾಂತದ ಹಿಂದೆ ಹಣ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕೂತಿತು, ಬಡ್ಡಿ ಬೆಳೆಯಿತು. ನಿಜಾಮರು 1967ರಲ್ಲಿ ತೀರಿಕೊಂಡರು. ಕೊನೆಗೆ 2013ರಲ್ಲಿ ಪಾಕಿಸ್ತಾನವೇ ಆ ಹಣಕ್ಕಾಗಿ ಲಂಡನ್ನಿನ ಕೋರ್ಟಿಗೆ ಹೋಯಿತು. ಹೋದ ದಿನವೇ ತನ್ನ ಗುರಾಣಿಯನ್ನು ತಾನೇ ಕೆಳಗಿಟ್ಟಂತಾಯಿತು. ಕೇಳುವವನಾಗಿ ಕೋರ್ಟಿನ ಬಾಗಿಲು ತಟ್ಟಿದ ಮೇಲೆ, ನನ್ನನ್ನು ಯಾರೂ ಕೇಳುವಂತಿಲ್ಲ ಎನ್ನಲು ಬರುವುದಿಲ್ಲ. ಈಗ ಭಾರತವೂ ನಿಜಾಮರ ಮೊಮ್ಮಕ್ಕಳೂ ಎದುರು ನಿಂತರು. 2019ರ ಅಕ್ಟೋಬರ್ 2ರಂದು ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ಪಾಕಿಸ್ತಾನದ ಹಕ್ಕನ್ನು ತಳ್ಳಿಹಾಕಿದರು. ಆ ಹೊತ್ತಿಗೆ ಹತ್ತು ಲಕ್ಷ ಪೌಂಡ್ ಮೂರೂವರೆ ಕೋಟಿ ಪೌಂಡ್ ಆಗಿತ್ತು. 1957ರ ತೀರ್ಪನ್ನು ನಾನು ಕೆಟ್ಟ ತೀರ್ಪು ಎನ್ನುವುದಿಲ್ಲ. ಆ ವಿನಾಯಿತಿ ಪಾಕಿಸ್ತಾನಕ್ಕೆ ಸಿಕ್ಕಂತೆ ಭಾರತಕ್ಕೂ ಸಿಗುತ್ತಿತ್ತು, ಬ್ರಿಟನ್ನಿಗೂ ಸಿಗುತ್ತಿತ್ತು. ಗೆರೆ ಎಲ್ಲರಿಗೂ ಒಂದೇ ಇತ್ತು. ಕೊಟ್ಟ ಗುರಾಣಿಗೆ ಶರತ್ತೂ ಇತ್ತು, ಅದನ್ನು ಹಿಡಿದವರ ಮೇಲೂ ಆ ಶರತ್ತು ನಡೆಯಿತು. ರೀಡಿಂಗ್ ಅವರ ಪರಮಾಧಿಕಾರಕ್ಕೂ ಇದಕ್ಕೂ ಇರುವ ಅಂತರ ಇಲ್ಲಿದೆ.

ಧರ್ಮಕ್ಕೆ ಬರೋಣ. ಸಾರಿದವರೇ ಮೊದಲು ಬದ್ಧರಾಗಬೇಕು ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣ 1956ರವರೆಗೆ ಇದೇ ಹೈದರಾಬಾದ್ ರಾಜ್ಯದಲ್ಲಿತ್ತು. ಶರಣರು ಕಾಯಕ, ದಾಸೋಹ ಎಂದು ಸಾರಿದಾಗ ಮೊದಲು ಹೊರೆ ಹೊತ್ತವರು ಸಾರಿದವರೇ. ಜಾತಿಯಿಲ್ಲ ಎಂದವರು ತಮ್ಮ ಮನೆಗಳ ನಡುವೆ ಮದುವೆ ಮಾಡಿ ತೋರಿಸಬೇಕಾಯಿತು, ಆ ಮದುವೆಗೆ ಜೀವಗಳು ಹೋದವು. ಧಾರ್ಮಿಕ ಸಿದ್ಧಾಂತದ ಅರ್ಥಕ್ಕೆ ನಾನು ಬೇರೆ ಪ್ರಮಾಣ ಹುಡುಕುವುದಿಲ್ಲ.

ಆದರೆ ಆಧುನಿಕ ಭಾರತದಲ್ಲಿ ಧರ್ಮದ ಸಿದ್ಧಾಂತ ಕೋರ್ಟಿಗೆ ಹೋಗಿ ನಿಂತಿದೆ. ಅದರ ಮೊದಲ ಹೆಜ್ಜೆಯೂ ಕನ್ನಡ ಕರಾವಳಿಯಿಂದಲೇ. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಲಕ್ಷ್ಮೀಂದ್ರತೀರ್ಥರು ಮದ್ರಾಸ್ ಸರ್ಕಾರದ 1951ರ ಧಾರ್ಮಿಕ ದತ್ತಿ ಕಾಯ್ದೆಯನ್ನು ಪ್ರಶ್ನಿಸಿದರು. 1954ರಲ್ಲಿ ಸುಪ್ರೀಂ ಕೋರ್ಟು, ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದಿತು. ಕೋರ್ಟು ತನ್ನ ಕೈಯನ್ನು ತಾನೇ ಕಟ್ಟಿಕೊಂಡ ಮಾತು ಅದು. ಮುಂದಿನ ವರ್ಷಗಳಲ್ಲಿ ಆ ಕಟ್ಟು ಸಡಿಲವಾಯಿತು. ಯಾವುದು ನಿಜವಾದ ಧರ್ಮ, ಯಾವುದು ನಡುವೆ ಸೇರಿಕೊಂಡ ಮೂಢನಂಬಿಕೆ ಎಂದು ನ್ಯಾಯಮೂರ್ತಿಗಳೇ ವಿಂಗಡಿಸತೊಡಗಿದರು. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಹಿಜಾಬ್ ಇಸ್ಲಾಮಿಗೆ ಅತ್ಯಗತ್ಯವಲ್ಲ ಎಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟಾಗ, ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಈ ವಿಂಗಡಣೆಯ ಅಗತ್ಯವೇ ಇರಲಿಲ್ಲ ಎಂದರು. ನನಗೆ ಅವರ ಮಾತು ಸರಿ ಎನ್ನಿಸುತ್ತದೆ. ಹುಡುಗಿಯೊಬ್ಬಳು ಶಾಲೆಯ ಬಾಗಿಲಲ್ಲಿ ನಿಂತಿರುವಾಗ ಪ್ರಶ್ನೆ ಅವಳ ಶಿಕ್ಷಣದ್ದು.

ಇಂಥದೇ ವಿವಾದ ಹೈದರಾಬಾದಿನಲ್ಲೂ ಎದ್ದಿತು. ಈ ನಗರದ ದಾರುಲ್‌ಶಿಫಾದಲ್ಲಿ ಶಿಯಾ ಮುಸಲ್ಮಾನರ ಇಬಾದತ್‌ಖಾನಾ ಇದೆ. ಅಲ್ಲಿ ಅಖ್ಬಾರಿ ಪಂಗಡದ ಮಹಿಳೆಯರಿಗೆ ಪ್ರಾರ್ಥನೆ, ಮಜ್ಲಿಸ್ ಎಂಬ ಧಾರ್ಮಿಕ ಸಭೆ ನಡೆಸಲು ಅವಕಾಶವಿರಲಿಲ್ಲ. ಉಸೂಲಿ ಪಂಗಡದ ಮಹಿಳೆಯರಿಗೆ ಇತ್ತು. ಪ್ರಕರಣ ತೆಲಂಗಾಣ ಹೈಕೋರ್ಟಿಗೆ ಹೋಯಿತು. 2023ರ ಡಿಸೆಂಬರಿನಲ್ಲಿ ಮಧ್ಯಂತರ ಆದೇಶ, 2024ರಲ್ಲಿ ಅಂತಿಮ ತೀರ್ಪು, ಎರಡೂ ಮಹಿಳೆಯರ ಪರವಾಗಿ ಬಂದವು. ಕುರಾನಿನಲ್ಲಿ ಇದಕ್ಕೆ ನಿಷೇಧವಿದೆಯೇ ಎಂದು ಕೋರ್ಟು ನೋಡಿತು, ಇಲ್ಲವೆಂದಿತು. ಆದರೆ ನನ್ನ ದೃಷ್ಟಿಯಲ್ಲಿ ಇಡೀ ವಿವಾದದ ಹೂರಣ ಇನ್ನೊಂದು ಕಡೆ ಇದೆ. ಒಂದು ಪಂಗಡದ ಹೆಂಗಸರಿಗೆ ಬಾಗಿಲು ತೆರೆದವರು ಮತ್ತೊಂದು ಪಂಗಡದ ಹೆಂಗಸರಿಗೆ ಸಿದ್ಧಾಂತದ ಹೆಸರಿನಲ್ಲಿ ಬಾಗಿಲು ಹಾಕಲು ಬರುವುದಿಲ್ಲ. ಇದನ್ನು ಕಂಡುಕೊಳ್ಳಲು ನ್ಯಾಯಾಧೀಶರು ಧರ್ಮಪಂಡಿತರಾಗಬೇಕಿಲ್ಲ. ಬಾಗಿಲು ಹಾಕಿದವರು ತಮ್ಮ ಮಾತನ್ನು ತಾವೇ ಪಾಲಿಸಿದ್ದಾರೆಯೇ ಎಂದು ಕೇಳಿದರೆ ಸಾಕು.

ಈಗ ಮಠವೊಂದರ ಅರ್ಜಿಯಿಂದ ಹುಟ್ಟಿದ ಕಾನೂನಿನ ಸಿದ್ಧಾಂತವನ್ನು ನೋಡಲು ಎಡನೀರಿಗೆ ಹೋಗೋಣ. ಕಾಸರಗೋಡು ಜಿಲ್ಲೆಯ ಈ ಮಠ ತೋಟಕಾಚಾರ್ಯರ ಪರಂಪರೆಯ ಅದ್ವೈತ ಪೀಠ. ಅಲ್ಲಿನ ಕೇಶವಾನಂದ ಭಾರತೀ ಸ್ವಾಮೀಜಿ ಹದಿಹರೆಯ ಮುಗಿಯುವ ಹೊತ್ತಿಗೆ ಪೀಠವೇರಿದವರು, ಸಂಗೀತ ಬಲ್ಲವರು, ಯಕ್ಷಗಾನದ ಭಾಗವತಿಕೆ ಮಾಡುತ್ತಿದ್ದವರು. ಕೇರಳದ ಭೂಸುಧಾರಣೆಯಲ್ಲಿ ಮಠದ ಜಮೀನು ಹೋಗುವಂತಾದಾಗ 1970ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಮಠದ ಪರ ನಾನಿ ಪಾಲ್ಖಿವಾಲಾ ನಿಂತರು. 13 ನ್ಯಾಯಮೂರ್ತಿಗಳು, 68 ದಿನಗಳ ವಾದ. 1973ರ ಏಪ್ರಿಲ್ 24ರಂದು 7-6ರ ಬಹುಮತದಿಂದ ಸಂವಿಧಾನದ ಮೂಲ ಸಂರಚನೆಯ ಸಿದ್ಧಾಂತ ಹುಟ್ಟಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಅಳಿಸುವಂತಿಲ್ಲ. ಸ್ವಾಮೀಜಿಗೆ ಜಮೀನು ಮರಳಲಿಲ್ಲ. ದೇಶದ ಪ್ರತಿ ಕಾನೂನು ವಿದ್ಯಾರ್ಥಿಯ ಬಾಯಲ್ಲಿ ಅವರ ಹೆಸರು ಉಳಿಯಿತು.

ಆ ಏಳು ಜನರಲ್ಲಿ ಇಬ್ಬರನ್ನು ನಾವು ನಮ್ಮವರೆಂದು ನೆನೆಯಬೇಕು. ಒಬ್ಬರು ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ. ತೀರ್ಪಿನ ಮರುದಿನವೇ ಸರ್ಕಾರ ಅವರನ್ನೂ ಶೆಲತ್, ಗ್ರೋವರ್ ಅವರನ್ನೂ ಬದಿಗಿಟ್ಟು ಅಲ್ಪಮತದಲ್ಲಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿಸಿತು. ಹೆಗ್ಡೆ ರಾಜೀನಾಮೆ ಕೊಟ್ಟು ಹೊರಬಂದರು. ಇನ್ನೊಬ್ಬರು ಈ ನಗರದ ಪಿ. ಜಗನ್‌ಮೋಹನ್ ರೆಡ್ಡಿ, ಆಂಧ್ರಪ್ರದೇಶ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು, ನಿವೃತ್ತಿಯ ನಂತರ ಉಸ್ಮಾನಿಯಾ ವಿಶ್ವವಿದ್ಯಾಲಯದ ಕುಲಪತಿಯಾದವರು. ಒಬ್ಬ ದೊರೆಯ ಫರ್ಮಾನೇ ಕಾನೂನಾಗಿದ್ದ ರಾಜ್ಯದಲ್ಲಿ ಬೆಳೆದವರು ಸಂಸತ್ತಿಗೂ ಒಂದು ಗೆರೆ ಇದೆ ಎಂದು ಬರೆದರು. ಈ ಸಂಗತಿ ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ.

ಮೂಲ ಸಂರಚನೆ ನಿಜವಾಗಿಯೂ ಸಿದ್ಧಾಂತವಾದದ್ದು 1973ರಲ್ಲಿ ಅಲ್ಲ, 1975ರ ನವೆಂಬರಿನಲ್ಲಿ. ಪ್ರಧಾನಿಯ ಚುನಾವಣೆಯನ್ನು ಯಾವ ಕೋರ್ಟೂ ಪ್ರಶ್ನಿಸದಂತೆ ಮಾಡಿದ 39ನೇ ತಿದ್ದುಪಡಿ ಐವರ ಪೀಠದ ಮುಂದೆ ಬಂತು. ತುರ್ತುಪರಿಸ್ಥಿತಿ ಜಾರಿಯಲ್ಲಿತ್ತು. ಪೀಠದಲ್ಲಿದ್ದ ಮ್ಯಾಥ್ಯೂ, ಚಂದ್ರಚೂಡ್ ಇಬ್ಬರೂ ಎರಡು ವರ್ಷದ ಹಿಂದೆ ಇದೇ ಸಿದ್ಧಾಂತವನ್ನು ಒಪ್ಪದವರು. ಆದರೂ ಬಹುಮತದ ಮಾತು ತಮ್ಮನ್ನು ಕಟ್ಟುತ್ತದೆ ಎಂದು ತಿಳಿದು, ಅದನ್ನೇ ಅನ್ವಯಿಸಿ ಆ ತಿದ್ದುಪಡಿಯ ಆ ಭಾಗವನ್ನು ರದ್ದು ಮಾಡಿದರು. ತಾನು ಒಪ್ಪದ ಸಿದ್ಧಾಂತಕ್ಕೆ ನ್ಯಾಯಮೂರ್ತಿಯೊಬ್ಬ ಬದ್ಧನಾಗುವುದು ಅದನ್ನು ಕಂಡುಹಿಡಿದವನ ಪಾಂಡಿತ್ಯಕ್ಕಿಂತ ದೊಡ್ಡದು.

ಹೈದರಾಬಾದಿಗೆ ಈ ಸಿದ್ಧಾಂತ ನೇರವಾಗಿ ತಟ್ಟಿದ್ದು ಮುಲ್ಕಿ ವಿವಾದದ ಕೊನೆಯಲ್ಲಿ. ಸ್ಥಳೀಯರಿಗೇ ಸರ್ಕಾರಿ ನೌಕರಿ ಎಂಬ ನಿಜಾಮರ ಕಾಲದ ನಿಯಮ 1952ರಲ್ಲಿ ಸಿಟಿ ಕಾಲೇಜಿನ ಬಳಿ ಗೋಲಿಬಾರಿಗೆ, 1969ರಲ್ಲಿ ತೆಲಂಗಾಣ ಚಳವಳಿಗೆ, 1972ರಲ್ಲಿ ಜೈ ಆಂಧ್ರ ಚಳವಳಿಗೆ ಕಾರಣವಾಗಿತ್ತು. ರಾಜಿಯಾಗಿ 32ನೇ ತಿದ್ದುಪಡಿಯಿಂದ 371ಡಿ ವಿಧಿ ಬಂತು, ನೌಕರರ ವ್ಯಾಜ್ಯಗಳಿಗೆ ಆಡಳಿತ ನ್ಯಾಯಮಂಡಳಿ ಬಂತು. ಆ ವಿಧಿಯ 5ನೇ ಉಪವಿಧಿಯಲ್ಲಿ ಒಂದು ಮಾತು ಸೇರಿಕೊಂಡಿತ್ತು: ಮಂಡಳಿಯ ಆದೇಶವನ್ನು ರಾಜ್ಯ ಸರ್ಕಾರ ಬದಲಿಸಬಹುದು, ರದ್ದೂ ಮಾಡಬಹುದು. ಆ ಮಂಡಳಿಯ ಮುಂದಿನ ವ್ಯಾಜ್ಯಗಳಲ್ಲಿ ಎದುರುಪಕ್ಷ ಸರ್ಕಾರವೇ. ಸೋತವನೇ ತೀರ್ಪು ತಿದ್ದುವ ಏರ್ಪಾಡು ಸಂವಿಧಾನದೊಳಗೇ ಬಂದು ಕೂತಿತ್ತು. ಸಾಂಬಮೂರ್ತಿ ಪ್ರಕರಣದಲ್ಲಿ 1986ರ ಡಿಸೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಭಗವತಿಯವರ ಪೀಠ ಅದನ್ನು ಮೂಲ ಸಂರಚನೆಗೆ ವಿರುದ್ಧವೆಂದು ತೆಗೆದುಹಾಕಿತು. ಎಡನೀರಿನ ಮಠಕ್ಕೆ ದಕ್ಕದ ಫಲ ಹೈದರಾಬಾದಿನ ಸಾಮಾನ್ಯ ನೌಕರನಿಗೆ ದಕ್ಕಿತು.

ಇಷ್ಟು ಮೆಚ್ಚಿದ ಮೇಲೆ ಕೋರ್ಟನ್ನೂ ಅದೇ ತಕ್ಕಡಿಯಲ್ಲಿ ಇಡಬೇಕು. ನ್ಯಾಯಮೂರ್ತಿಗಳ ನೇಮಕಕ್ಕೆ ಆಯೋಗ ರಚಿಸಿದ 99ನೇ ತಿದ್ದುಪಡಿಯನ್ನು 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟು ಇದೇ ಸಿದ್ಧಾಂತದ ಮೇಲೆ ರದ್ದುಗೊಳಿಸಿತು. ನೇಮಕದ ಅಧಿಕಾರ ಕೋರ್ಟಿನ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಬಳಿಯೇ ಉಳಿಯಿತು. ನಾಲ್ವರು ಒಂದು ಕಡೆ. ಒಬ್ಬರು ಮಾತ್ರ ಒಪ್ಪಲಿಲ್ಲ, ಇಲ್ಲಿನ ಹೈಕೋರ್ಟಿನಲ್ಲಿ ವಕೀಲರಾಗಿ ನ್ಯಾಯಮೂರ್ತಿಯಾಗಿ ಬೆಳೆದ ಚೆಲಮೇಶ್ವರ್. ಆ ಆಯೋಗ ಒಳ್ಳೆಯದಿತ್ತೇ ಎಂಬುದು ಬೇರೆ ಚರ್ಚೆ, ಅದರಲ್ಲಿ ಸರ್ಕಾರದ ಕೈ ಬಲವಾಗುವ ಅಪಾಯ ನಿಜವಾಗಿಯೂ ಇತ್ತು. ಆದರೆ ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎಂದು ಸಾಂಬಮೂರ್ತಿ ಪ್ರಕರಣದಲ್ಲಿ ಸರ್ಕಾರಕ್ಕೆ ಹೇಳಿದ ಕೋರ್ಟು, ತನ್ನ ನೇಮಕದ ವಿಷಯದಲ್ಲಿ ಆ ಮಾತಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಕೊಲಿಜಿಯಂ ತನ್ನ ಕಾರಣಗಳನ್ನು ಪೂರ್ತಿ ಬಿಚ್ಚಿಡುವವರೆಗೆ ಈ ಬಾಕಿ ಬಾಕಿಯೇ.

ಕೊನೆಗೆ ನಮ್ಮ ಸ್ವಂತ ಸಿದ್ಧಾಂತ. ಹೈದರಾಬಾದ್ ಕರ್ನಾಟಕದವರಾದ ನಮಗೆ ವಿಮೋಚನೆ ಎಂಬುದು ನಂಬಿಕೆಯ ಮಾತು. ಅದಕ್ಕೆ ಆಧಾರವಿದೆ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳ ನೆನಪು ಆ ಊರಿನಲ್ಲಿ ಇನ್ನೂ ಹಸಿಯಾಗಿದೆ. ಮುಂಡರಗಿಯ ಶಿಬಿರದಿಂದ ಗಡಿ ದಾಟಿ ಹೋರಾಡಿದವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. ಮುಂದೆ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂತು, ನಮ್ಮ ಜಿಲ್ಲೆಗಳ ಮಕ್ಕಳಿಗೆ ಶಿಕ್ಷಣದಲ್ಲಿ ನೌಕರಿಯಲ್ಲಿ ಪಾಲು ಸಿಕ್ಕಿತು.

ಆದರೆ ವಿಮೋಚನೆಯ ಸಿದ್ಧಾಂತ ನಮ್ಮನ್ನೂ ಕಟ್ಟಬೇಕು. ಸೇನೆ ಬಂದ ನಂತರದ ವಾರಗಳಲ್ಲಿ ಸಾವಿರಾರು ಮುಸಲ್ಮಾನರು ಸತ್ತರು. ಇವರಲ್ಲಿ ಬಹುಮಂದಿ ರಜಾಕಾರರಲ್ಲ. ಭಾರತ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ತಂಡ ಊರೂರು ತಿರುಗಿ, ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ನಾಂದೇಡ್, ಕಲಬುರಗಿ, ಬೀದರ್. ಕೊನೆಯ ಎರಡು ನಮ್ಮವು. ಪ್ರಾಣ ಪಣಕ್ಕಿಟ್ಟು ನೆರೆಯವರನ್ನು ಉಳಿಸಿದ ಹಿಂದೂಗಳ ಉದಾಹರಣೆಗಳನ್ನೂ ಆ ವರದಿ ಬರೆದಿಟ್ಟಿದೆ. ದಶಕಗಳವರೆಗೆ ಸರ್ಕಾರ ಅದನ್ನು ಪ್ರಕಟಿಸಲಿಲ್ಲ.

ಸೆಪ್ಟೆಂಬರ್ 17ಕ್ಕೆ ಕರ್ನಾಟಕದಲ್ಲಿ ಒಂದು ಹೆಸರು, ತೆಲಂಗಾಣದಲ್ಲಿ ಸರ್ಕಾರ ಬದಲಾದಂತೆ ಬೇರೆ ಬೇರೆ ಹೆಸರು. ವಿಮೋಚನೆಯೋ, ಏಕೀಕರಣವೋ, ಪ್ರಜಾಪಾಲನೆಯೋ ಎಂದು ಜಗಳ ನಡೆಯುತ್ತದೆ. ಹೆಸರಿನ ಜಗಳ ರಾಜಕಾರಣಿಗಳಿಗೆ ಇರಲಿ. ಈ ನಗರದ ಕನ್ನಡ ಸಂಘಟನೆಗಳಿಗೆ, ಬೀದರ್ ಕಲಬುರಗಿಯ ಕಾಲೇಜುಗಳಿಗೆ ನನ್ನ ಕೋರಿಕೆ ಒಂದೇ. ಮುಂದಿನ ಸೆಪ್ಟೆಂಬರ್ 17ರ ಸಭೆಯಲ್ಲಿ ಗೋರ್ಟಾದ ಸತ್ತವರಿಗೆ ನಮಿಸಿ, ಶೋಯಬುಲ್ಲಾ ಖಾನರನ್ನು ನೆನೆಯಿರಿ, ಅದೇ ಸಭೆಯಲ್ಲಿ ಸುಂದರಲಾಲ್ ವರದಿಯ ಕಲಬುರಗಿ ಬೀದರ್ ಭಾಗವನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಓದಿ. ಕೇಳಲು ಎರಡೂ ಸಮುದಾಯದವರನ್ನು ಕರೆಯಿರಿ.